ಬಿಟ್ಟ ಹೊತ್ತು

ಬಸ್ಸು ಹುಣಸೂರಿನ ಸೇತುವೆ ದಾಟುವಷ್ಟರಲ್ಲಿ ಕಾಂತರಾಜು ತನ್ನ ತಪ್ಪನ್ನು ಮನಸ್ಸಿನಲ್ಲೇ ಮೂರು ಬಗೆಯಾಗಿ ಒಪ್ಪಿಕೊಂಡು ನೋಡಿದ್ದ. ಮೂರರಲ್ಲೂ ತಪ್ಪು ಕರೆಂಟಿನದೇ ಆಗಿತ್ತು. ನಾಲ್ಕನೆಯದಕ್ಕೆ ಪದ ಹುಡುಕುವಾಗ ಪಕ್ಕದ ಸೀಟಿನ ಮುದುಕ ಅವನ ಹೆಗಲಿಗೆ ತಲೆ ಕೊಟ್ಟು ನಿದ್ದೆಹೋದ. ಅವನ ಅಂಗಿಯಿಂದ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ತಳ್ಳಿದರೆ ಎಚ್ಚರವಾಗುತ್ತಾನೆ, ಎಚ್ಚರವಾದರೆ ಮಾತಿಗಿಳಿಯುತ್ತಾನೆ, ಮಾತಿಗಿಳಿದರೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಕಾಂತರಾಜು ನಾಲ್ಕು ವರ್ಷದಿಂದ ಒಂದೇ ಉತ್ತರ ಕೊಡುತ್ತಿದ್ದ: ಸದ್ಯಕ್ಕೆ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದೇನೆ. ಸದ್ಯಕ್ಕೆ ಎಂಬ ಪದವನ್ನು ಮೊದಲ ಸಲ ಬಳಸಿದಾಗ ಅದು ನಿಜವಾಗಿತ್ತು. ಯಾವ ದಿನ ಅದು ಸುಳ್ಳಾಯಿತೋ ಅವನಿಗೆ ತಿಳಿಯಲಿಲ್ಲ. ಯಾರೂ ಬಂದು ಹೇಳಲಿಲ್ಲ. ಹ್ಯಾಂಡ್‌ಪೋಸ್ಟಿನ ಹತ್ತಿರದ ಊರಿನಲ್ಲಿ ಅವನ ತಾಯಿ ಯಶೋದಮ್ಮ ಈಗಲೂ ಕೇಳಿದವರಿಗೆಲ್ಲ ‘ಓದ್ತಾವ್ನೆ’ ಎನ್ನುತ್ತಿದ್ದಳು. ಮಗನ ನೆತ್ತಿಯ ಕೂದಲು ಉದುರುತ್ತಿದ್ದರೂ ಅವಳ ಪಾಲಿಗೆ ಅವನು ಪರೀಕ್ಷೆಗೆ ಕೂತೇ ಇದ್ದ.

ತೊಡೆಯ ಮೇಲಿನ ಚೀಲದಲ್ಲಿ ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗಿನ ಪುಸ್ತಕವಿತ್ತು. ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಅಲ್ಲಿನ ಲೈಬ್ರರಿಯಿಂದ ತಂದದ್ದು. ಹಿಂದಿರುಗಿಸಬೇಕಾದ ದಿನ ೧೨ ಮಾರ್ಚ್ ೧೯೯೮ ಎಂದು ಕೊನೆಯ ಪುಟದ ಚೀಟಿಯಲ್ಲಿ ನೇರಳೆ ಸೀಲು ಬಿದ್ದಿತ್ತು. ಅದನ್ನು ಕದಿಯಬೇಕೆಂದು ಅವನು ಒಂದು ದಿನವೂ ಅಂದುಕೊಂಡಿರಲಿಲ್ಲ. ಮುಂದಿನ ವಾರ ಕೊಟ್ಟರಾಯಿತು ಎಂದು ಐದು ವರ್ಷ ಇಟ್ಟುಕೊಂಡಿದ್ದ, ಅಷ್ಟೆ. ಪುಸ್ತಕದ ನಾಲ್ಕನೆಯ ಅಧ್ಯಾಯದಿಂದಲೇ ಅವನು ಪ್ರತಿವರ್ಷ ಪಾಠ ಶುರುಮಾಡುತ್ತಿದ್ದದ್ದು. ಆಬ್ಜೆಕ್ಟ್ ಎಂದರೆ ತನ್ನ ಸ್ಥಿತಿಯನ್ನು ತನ್ನ ಹೊಟ್ಟೆಯಲ್ಲಿ ತಾನೇ ಇಟ್ಟುಕೊಂಡಿರುವ ವಸ್ತು ಎನ್ನುತ್ತಿದ್ದ. ಬೀದಿದೀಪ ಉರಿಯುತ್ತಿದೆ ಅಥವಾ ಆರಿದೆ. ಬಾಗಿಲು ತೆರೆದಿದೆ ಅಥವಾ ಮುಚ್ಚಿದೆ. ಯಾರಾದರೂ ಸ್ವಿಚ್ಚು ಒತ್ತಬೇಕು, ಯಾರಾದರೂ ಬಾಗಿಲು ತಳ್ಳಬೇಕು. ಆಗ ಸ್ಥಿತಿ ಬದಲಾಗುತ್ತದೆ. ಯಾರೂ ಮುಟ್ಟದೆ, ಬರೀ ಹೊತ್ತು ಹೋದದ್ದರಿಂದಲೇ ಬದಲಾಗುವ ವಸ್ತುಗಳ ಬಗ್ಗೆ ಆ ಅಧ್ಯಾಯದಲ್ಲಿ ಏನೂ ಇರಲಿಲ್ಲ. ಹಾಲು ಒಡೆಯುವುದು, ಅನ್ನ ಹಳಸುವುದು, ಎರವಲು ಪುಸ್ತಕ ಕಳವಿನ ಮಾಲಾಗುವುದು. ಆಮೇಲಿನ ಅಧ್ಯಾಯಗಳಲ್ಲಿ ಇತ್ತೋ ಏನೋ. ಅಲ್ಲಿಯವರೆಗೆ ಅವನೂ ಓದಿರಲಿಲ್ಲ, ವಿದ್ಯಾರ್ಥಿಗಳೂ ಕೇಳಿರಲಿಲ್ಲ.

ಆದದ್ದು ಇಷ್ಟು. ಚುಂಚನಕಟ್ಟೆ ನಾಲೆಯ ಮೂರನೇ ತೂಬಿನ ರೈತರದೊಂದು ಸಂಘವಿತ್ತು. ಆ ವರ್ಷ ನಾಲೆಯಲ್ಲಿ ನೀರು ಕಡಿಮೆ; ಒಂದು ಗದ್ದೆಗೆ ಇಪ್ಪತ್ತನಾಲ್ಕು ಗಂಟೆಯಂತೆ ಸರದಿ ಮಾಡಿದ್ದರು. ಸರದಿಯನ್ನು ತಲೆಯಲ್ಲೇ ಇಟ್ಟುಕೊಂಡು ನೀರು ಬಿಡುತ್ತಿದ್ದವನು ಸೌಡಿ ನಿಂಗಯ್ಯ, ಮೂವತ್ತು ವರ್ಷದಿಂದ ನಾಲೆಯ ಕಾವಲಿನವನು. ಸಂಘದ ಅಧ್ಯಕ್ಷ ತಿಮ್ಮಯ್ಯನಿಗೆ ಎಲ್ಲ ಕಂಪ್ಯೂಟರಿನಲ್ಲಿ ಬರಬೇಕೆಂದು ಆಸೆ. ಕಾಂತರಾಜು ಬರೆದುಕೊಟ್ಟ. ಅವನ ಪ್ರೋಗ್ರಾಮಿನಲ್ಲಿ ಒಂದೊಂದು ಗದ್ದೆಯೂ ಒಂದೊಂದು ಆಬ್ಜೆಕ್ಟು; ಅದರ ಸ್ಥಿತಿ ‘ಕಾಯುತ್ತಿದೆ’, ‘ಹರಿಯುತ್ತಿದೆ’, ‘ಮುಗಿದಿದೆ’ ಎಂಬ ಮೂರರಲ್ಲಿ ಒಂದು. ಒಳಗೊಂದು ಟೈಮರು ನಿಮಿಷಕ್ಕೊಮ್ಮೆ ಮಿಡಿದು, ಹರಿಯುತ್ತಿರುವ ಗದ್ದೆಗೆ ನಿನ್ನದು ಒಂದು ನಿಮಿಷ ಕಡಿಮೆಯಾಯಿತು ಎಂದು ಹೇಳುತ್ತಿತ್ತು. ಕಂಪ್ಯೂಟರು ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಸ್ವಿಚ್ಚಿನ ಮೇಲೆ ‘ಆರಿಸಬಾರದು’ ಎಂದು ಅವನೇ ಚೀಟಿ ಅಂಟಿಸಿದ್ದ. ಕರೆಂಟು ಹೋದರೆ ಯುಪಿಎಸ್ಸು ಇಪ್ಪತ್ತು ನಿಮಿಷ ತಡೆಯುತ್ತಿತ್ತು. ಅದಕ್ಕಿಂತ ಹೆಚ್ಚು ಹೋದರೆ ಅಷ್ಟು ಹೊತ್ತು ಯಾವ ಗದ್ದೆಗೂ ಯಾರೂ ಏನೂ ಹೇಳುತ್ತಿರಲಿಲ್ಲ. ಇದು ಅವನಿಗೆ ಗೊತ್ತಿತ್ತು. ಪ್ರತಿ ಸೋಮವಾರ ಬಂದು, ಯಾರೂ ನೋಡದಾಗ, ಅರ್ಧ ಗಂಟೆ ಮುಕ್ಕಾಲು ಗಂಟೆ ಕೈಯಲ್ಲೇ ಸರಿಮಾಡಿ, ಕಾಫಿ ಕುಡಿದು ಹೋಗುತ್ತಿದ್ದ. ಮೊನ್ನೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಯಿತು. ಕರೆಂಟು ಬಂದದ್ದು ಶನಿವಾರ ಹತ್ತಕ್ಕೆ. ಆ ಇಪ್ಪತ್ತನಾಲ್ಕು ಗಂಟೆ ಕಂಪ್ಯೂಟರಿನ ಪಾಲಿಗೆ ನಡೆದೇ ಇರಲಿಲ್ಲ.

ನಾಲೆಯಲ್ಲಿ ನಡೆದಿತ್ತು. ಷಣ್ಮುಖಪ್ಪನ ಗದ್ದೆಯ ಸರದಿ ಶನಿವಾರ ಬೆಳಿಗ್ಗೆ ಆರಕ್ಕೆ ಮುಗಿದು, ಅವನ ಕೆಳಗಿನ ಶಿವನಂಜಮ್ಮನ ಗದ್ದೆಗೆ ನಿಂಗಯ್ಯ ಎಂದಿನಂತೆ ಮಡೆಯ ಕಿಂಡಿ ತೆಗೆದು ನೀರು ತಿರುಗಿಸಿದ್ದ. ಹತ್ತೂವರೆಗೆ ಸಂಘದ ಗುಮಾಸ್ತೆ ಪವಿತ್ರಾ ಕಂಪ್ಯೂಟರಿನಿಂದ ತೆಗೆದ ಚೀಟಿಯಲ್ಲಿ ಬೇರೆಯೇ ಇತ್ತು: ಷಣ್ಮುಖಪ್ಪ, ಹರಿಯುತ್ತಿದೆ, ಉಳಿದದ್ದು ಹತ್ತೊಂಬತ್ತು ಗಂಟೆ ಹತ್ತು ನಿಮಿಷ. ಚೀಟಿಯಂತೆ ನೀರು ಮತ್ತೆ ಷಣ್ಮುಖಪ್ಪನ ಗದ್ದೆಗೇ ಹೋಯಿತು. ಭಾನುವಾರ ಬೆಳಿಗ್ಗೆ ಆರಕ್ಕೆ ಮೂರನೇ ತೂಬು ಮುಚ್ಚಿದರು. ಇನ್ನು ಎಂಟು ದಿನ ಕೆಳಗಿನ ತೂಬಿನವರ ಪಾಳಿ. ಶಿವನಂಜಮ್ಮನಿಗೆ ಸಿಕ್ಕದ್ದು ನಾಲ್ಕೂವರೆ ಗಂಟೆಯ ನೀರು, ಮಣ್ಣು ಒದ್ದೆಯಾಗುವಷ್ಟು. ಒಟ್ಟಲಿನಲ್ಲಿ, ಎಂದರೆ ಸಸಿಮಡಿಯಲ್ಲಿ, ಇದ್ದ ಅವಳ ಪೈರಿಗೆ ಇವತ್ತಿಗೆ ಮೂವತ್ತಮೂರು ದಿನ. ಎಂಟು ದಿನ ಕಾದರೆ ಪೈರು ಗಂಟು ಕಟ್ಟುತ್ತದೆ, ಆಮೇಲೆ ನಾಟಿ ಮಾಡಿಯೂ ಪ್ರಯೋಜನವಿಲ್ಲ. ನಿಂಗಯ್ಯನಿಗೆ ಓದಲು ಬರುವುದಿಲ್ಲ, ಚೀಟಿ ಅದಲುಬದಲು ಮಾಡಿದ್ದಾನೆ ಎಂದು ಊರು ತೀರ್ಮಾನಿಸಿತ್ತು. ಕಂಪ್ಯೂಟರು ತಪ್ಪು ಮಾಡುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಇವತ್ತು, ಸೋಮವಾರ, ಹನ್ನೊಂದು ಗಂಟೆಗೆ ಸಂಘದ ಸಭೆ. ನಿಂಗಯ್ಯನನ್ನು ತೆಗೆಯುತ್ತಾರೆ ಎಂದು ನಿನ್ನೆ ಪವಿತ್ರಾ ಫೋನು ಮಾಡಿದ್ದಳು. “ಏನ್ ಹೇಳ್ಲಿ ಸಾರ್ ನಾನು?” ಎಂದು ಕೇಳಿದ್ದಳು. ಬರುತ್ತೇನೆ ಎಂದಷ್ಟೇ ಅವನು ಹೇಳಿ ಇಟ್ಟಿದ್ದ.

ಬಸ್ಸಿಳಿದು ನಾಲೆಯ ಏರಿಯ ಮೇಲೆ ನಡೆಯುವಾಗ ಎಡಗಡೆ ಷಣ್ಮುಖಪ್ಪನ ಗದ್ದೆ ಕಂಡಿತು. ಬದುವಿನ ತುದಿಯವರೆಗೂ ನೀರು ನಿಂತು ಮೋಡ ತೋರಿಸುತ್ತಿತ್ತು. ಎರಡು ತಿಂಗಳ ಹಿಂದೆ ಇದೇ ಏರಿಯ ಮೇಲೆ ನಿಂಗಯ್ಯನ ಜೊತೆ ಮೂರು ದಿನ ಕೂತಿದ್ದ, ಸರದಿಯ ಕ್ರಮ ತಿಳಿಯಲು. ನೋಟ್‌ಬುಕ್ಕು ಬಿಚ್ಚಿ, ಈಗ ನೀರು ಯಾರದು, ನಿಮ್ಮ ಹತ್ತಿರ ದಾಖಲೆ ಎಲ್ಲಿ ಎಂದು ಕೇಳಿದ್ದ. “ಅದ್ಯಾಕ್ ಬರ್ಕಬೇಕು ಮೇಷ್ಟ್ರೆ? ನೀರ್ ಬುಟ್ಟ ಹೊತ್ತು ಗ್ಯಾನದಲ್ಲಿದ್ರೆ ಸಾಕಲ್ವಾ. ಕೇಳ್ದಾಗ ಲೆಕ್ಕ ಹಾಕಿ ಯೋಳದಪ್ಪ,” ಎಂದಿದ್ದ ನಿಂಗಯ್ಯ, ಬೀಡಿಯ ತುದಿ ಕಚ್ಚುತ್ತ. ನಡುವೆ ನಿಮಗೆ ನಿದ್ದೆ ಬಂದರೆ ಎಂದು ಇವನು ಕೇಳಿದ್ದ. “ನಾನ್ ಮಲಗುದ್ರೆ ಹೊತ್ತೂ ಮಲಕ್ಕತದಾ?” ಕಾಂತರಾಜು ನಕ್ಕಿದ್ದ. ಆಮೇಲೆ ಕ್ಲಾಸಿನಲ್ಲಿ ಆ ಮಾತನ್ನು ಹಳ್ಳಿಯವರ ಅಂದಾಜಿನ ಕೆಲಸಕ್ಕೆ ಉದಾಹರಣೆಯಾಗಿ ಹೇಳಿ ವಿದ್ಯಾರ್ಥಿಗಳನ್ನೂ ನಗಿಸಿದ್ದ. ಈಗ ಆ ನಗು ಬೆನ್ನಿನ ಮೇಲೆ ಬೆವರಿನಂತೆ ಇಳಿಯುತ್ತಿತ್ತು. ನಿಂಗಯ್ಯ ಸ್ಥಿತಿಯನ್ನು ಎಲ್ಲಿಯೂ ಇಟ್ಟುಕೊಂಡೇ ಇರಲಿಲ್ಲ. ಇಟ್ಟುಕೊಂಡಿದ್ದದ್ದು ಒಂದೇ ಒಂದು ಸಂಗತಿ, ಎಂದಿಗೂ ಸುಳ್ಳಾಗದಂಥದು: ಇಂಥ ಹೊತ್ತಿಗೆ ಬಿಟ್ಟೆ. ಉಳಿದದ್ದೆಲ್ಲ ಕೇಳಿದ ಕ್ಷಣದಲ್ಲಿ ಹುಟ್ಟುತ್ತಿತ್ತು. ಅವನ ಗದ್ದೆಗೆ ಯಾರೂ ನಿಮಿಷಕ್ಕೊಮ್ಮೆ ಹೇಳಬೇಕಾಗಿರಲಿಲ್ಲ. ಪ್ರೋಗ್ರಾಮೂ ಬಿಟ್ಟ ಹೊತ್ತನ್ನಷ್ಟೇ ಇಟ್ಟುಕೊಂಡಿದ್ದರೆ ಟೈಮರೂ ಬೇಡ, ಯುಪಿಎಸ್ಸೂ ಬೇಡ, ಸ್ವಿಚ್ಚಿನ ಮೇಲಿನ ಚೀಟಿಯೂ ಬೇಡ. ನಾಲ್ಕು ಸಾಲು ಬದಲಿಸಿದರೆ ಸಾಕು. ಕೆಲಸ ಇಷ್ಟು ಸಣ್ಣದು ಎಂಬುದೇ ಅವಮಾನವಾಗಿ ಕಂಡಿತು. ದೊಡ್ಡ ತಪ್ಪಾಗಿದ್ದರೆ ಒಪ್ಪಿಕೊಳ್ಳಲು ಸ್ವಲ್ಪ ಗೌರವವಾದರೂ ಇರುತ್ತಿತ್ತು.

ಸಂಘದ ಕಟ್ಟಡದ ಬಾಗಿಲಲ್ಲೇ ಪವಿತ್ರಾ ನಿಂತಿದ್ದಳು. “ಸಾರ್, ಶನಿವಾರ ನೀವಂದಿದ್ದು ನಾನ್ ಯಾರ್ಗೂ ಹೇಳಿಲ್ಲ,” ಎಂದಳು, ಮೆಲ್ಲಗೆ, ಉಪಕಾರ ಮಾಡಿದವಳ ಹಾಗೆ. ಅವನಿಗೆ ಅದು ಬೇಡವಾಗಿತ್ತು. ಬೇಕಾಗಿಯೂ ಇತ್ತು. ಶನಿವಾರ ಹತ್ತೂವರೆಗೆ ಅವನು ಬ್ಲಾಕ್‌ಬೋರ್ಡಿನ ಮುಂದಿದ್ದ. ಇಪ್ಪತ್ತು ಮಂದಿಯ ಕ್ಲಾಸು, ಮುಂದಿನ ಬೆಂಚಿನಲ್ಲಿ ಹೊಸದಾಗಿ ಸೇರಿದ ಕಾಲೇಜು ಹುಡುಗಿಯರು, ಫೋನು ಬಡಿದುಕೊಂಡಿತು. ಸಾರ್, ಚೀಟೀಲಿ ಷಣ್ಮುಖಪ್ಪ ಅಂತ ಬಂದಿದೆ, ನಿಂಗಯ್ಯ ಅದು ತಪ್ಪು ಅಂತಾರೆ, ಇಲ್ಲೇ ನಿಂತವ್ರೆ, ಏನ್ ಮಾಡ್ಲಿ? ರಾತ್ರಿಯಿಡೀ ಕರೆಂಟು ಇರಲಿಲ್ಲ ಎಂದೂ ಅವಳು ಹೇಳಿದ್ದಳು. ಆ ಮಾತು ಕಿವಿಗೆ ಬಿದ್ದಿತ್ತು. ಬಿದ್ದ ಕೂಡಲೇ ಚೀಟಿ ತಪ್ಪೆಂದು ತಿಳಿದೂ ಇತ್ತು. ಆದರೆ ಕ್ಲಾಸು ನೋಡುತ್ತಿತ್ತು. ಅವನು ಕ್ಲಾಸಿಗೆ ಕೇಳಲೆಂದೇ ಸ್ವಲ್ಪ ಜೋರಾಗಿ ಒಂದು ಮಾತು ಹೇಳಿದ್ದ. ಮುಂದಿನ ಬೆಂಚು ನಕ್ಕಿತ್ತು.

ಸಭೆಯಲ್ಲಿ ಮೂವತ್ತು ಮಂದಿ ಇದ್ದರು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರಿಗೆ ಹೂವಿನ ಕಸೂತಿಯ ಬಟ್ಟೆ ಹೊದಿಸಿ ಕುಂಕುಮ ಇಟ್ಟಿದ್ದರು. ತಿಮ್ಮಯ್ಯ ಎದ್ದು ಬಂದು, “ಬನ್ನಿ ಮೇಷ್ಟ್ರೆ, ಬನ್ನಿ, ಇಲ್ ಕೂತ್ಕಳಿ,” ಎಂದು ತನ್ನ ಪಕ್ಕದ ಕುರ್ಚಿ ಒರೆಸಿ ಕೊಟ್ಟ. ನಿಂಗಯ್ಯ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ಅವನಿಗೆ ಕುರ್ಚಿಯ ಮಾತೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ. ಶಿವನಂಜಮ್ಮ ಗೋಡೆಗೆ ಒರಗಿ ನಿಂತಿದ್ದಳು, ಕೈಯಲ್ಲಿ ಒಟ್ಟಲಿನಿಂದ ಕಿತ್ತು ತಂದ ನಾಲ್ಕು ಎಸಳು ಪೈರು. ಷಣ್ಮುಖಪ್ಪ ಎರಡು ದಿನದ ನೀರು ಕುಡಿದವನ ನೆಮ್ಮದಿಯಲ್ಲಿ ಹಲ್ಲುಕಡ್ಡಿ ಆಡಿಸುತ್ತಿದ್ದ.

“ನೀನೇ ಯೋಳ್ಲಾ ನಿಂಗಯ್ಯ,” ಎಂದ ತಿಮ್ಮಯ್ಯ. “ಅವಮ್ಮನ ಮಡೆ ಯಾಕ್ ಕಟ್ದೆ?”

“ಚೀಟೀಲಿ ಅಂಗಿತ್ತು ಅಂದ್ರು, ಕಟ್ದೆ.”

“ಎಲ್ಲಿ ಚೀಟಿ?”

ನಿಂಗಯ್ಯ ಅಂಗಿಯ ಜೇಬಿನಿಂದ ಬಿಳಿ ಮುದ್ದೆಯೊಂದನ್ನು ತೆಗೆದ. ನಾಲೆಗೆ ಇಳಿದಾಗ ನೆನೆದು, ಒಣಗಿ, ಸುಣ್ಣದ ಉಂಡೆಯಂತಾಗಿತ್ತು. ಸಭೆ ನಕ್ಕಿತು. ಷಣ್ಮುಖಪ್ಪ, “ಎಲಡಿಕೆಗೆ ಹಾಕ್ಕೊಳೋ ಅಂಗೈತೆ ಕಣ್ಲಾ,” ಎಂದ.

ಆಗ ಕಾಂತರಾಜು ಎದ್ದ. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಮೂರೂ ಬಗೆಗಳು ಒಟ್ಟಿಗೆ ಬಾಯಿಗೆ ಬಂದವು. ಗದ್ದೆ ಎಂಬುದು ಒಂದು ಆಬ್ಜೆಕ್ಟು ಎಂದ. ಅದರ ಸ್ಥಿತಿ ತಾನಾಗಿ ಬದಲಾಗುವುದಿಲ್ಲ, ಬದಲಿಸಬೇಕು ಎಂದ. ಕಾಲ ಎಂಬುದು ಹೊರಗಿನ ಘಟನೆಯೋ ಒಳಗಿನ ಗುಣವೋ ಎಂಬುದು ವಿನ್ಯಾಸದ ಪ್ರಶ್ನೆ ಎಂದ. ಟೈಮರು, ವಿದ್ಯುತ್ತು, ವ್ಯತ್ಯಯ ಎಂಬ ಮಾತುಗಳು ಬಂದವು. ಆದ್ದರಿಂದ ಲೋಪವು ವ್ಯವಸ್ಥೆಯಲ್ಲಿ ಇದ್ದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಮುಗಿಸಿದ. ತನ್ನ ಹೆಸರು ಒಂದು ಸಲವೂ ಬಂದಿಲ್ಲ ಎಂಬುದನ್ನು ಅವನೇ ಗಮನಿಸಿದ.

ಹಿಂದಿನಿಂದ ಯಾರೋ, “ಮೇಷ್ಟ್ರು ಪಾಪ, ಮುದ್ಕನ್ ಮೇಲೆ ಕನಿಕರ ಬಂದು ತಪ್ಪು ತಮ್ ಮೇಲೆ ಎಳ್ಕತಾವ್ರೆ,” ಎಂದರು. “ದೊಡ್ ಮನ್ಸು ಕಣ್ರೀ,” ಎಂದ ತಿಮ್ಮಯ್ಯ. “ನಿಂಗಯ್ಯ, ಕೈ ಮುಗ್ಯಲೇ ಅವ್ರಿಗೆ.” ನಿಂಗಯ್ಯ ಮೆಟ್ಟಿಲಿನಿಂದಲೇ ಕೈ ಮುಗಿದ. ಕಾಂತರಾಜು ಕೂತ. ಕೂತದ್ದು ಅರ್ಧ ನಿಮಿಷವಿರಬಹುದು; ಆ ಅರ್ಧ ನಿಮಿಷ ಅವನಿಗೆ ಹಿತವಾಗಿತ್ತು. ಹೇಳಬೇಕಾದ್ದನ್ನು ಹೇಳಿಯಾಯಿತು, ಅವರಿಗೆ ಅರ್ಥವಾಗದಿದ್ದರೆ ತಾನೇನು ಮಾಡಬೇಕು ಎನ್ನಿಸಿತು. ಕಸೂತಿಯ ಬಟ್ಟೆಯ ಮೇಲಿನ ಗಿಳಿ ಅವನನ್ನೇ ನೋಡುತ್ತಿತ್ತು.

“ಇರ್ಬೋದು ಕಣ್ರಪ್ಪ,” ಎಂದ ನಿಂಗಯ್ಯ ಹೊರಗಿನಿಂದ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ. “ಆರ್ ಗಂಟೆಗೆ ಬುಟ್ಟೆ ಅಂತ ನನ್ ಗ್ಯಾನ. ವಯಸ್ಸಾಯ್ತು. ಯಾವ್ ದಿನದ ಆರ್ ಗಂಟೆಯೋ ಏನೋ.”

ಆ ಮಾತು ಕಾಂತರಾಜುವನ್ನು ಕುರ್ಚಿಯಿಂದ ಎಬ್ಬಿಸಿತು. ಕೆಲಸ ಹೋಗುವುದಕ್ಕಿಂತ ದೊಡ್ಡದೇನೋ ಅಲ್ಲಿ ಹೋಗುತ್ತಿತ್ತು. ತಪ್ಪದೆ ಇದ್ದ ಒಂದೇ ಗಡಿಯಾರ, ತನ್ನ ಮೇಲೆ ತಾನೇ ಅನುಮಾನಪಡುತ್ತಿತ್ತು.

“ಶನಿವಾರದ ಆರು ಗಂಟೆಯೇ,” ಎಂದ. “ಅವರು ಚೀಟಿ ಓದಲೇ ಇಲ್ಲ, ಪವಿತ್ರಾ ಓದಿದ್ದು. ಚೀಟಿ ತಪ್ಪು ಅಂತ ನಿಂಗಯ್ಯ ಅಲ್ಲೇ ನಿಂತು ಹೇಳಿದರು. ಪವಿತ್ರಾ ನನಗೆ ಫೋನು ಮಾಡಿದಳು. ನನಗೆ ತಪ್ಪು ಅಂತ ಗೊತ್ತಾಯಿತು. ಆದರೂ ನಾನು...” ಮೆಟ್ಟಿಲ ಕಡೆಗೆ ತಿರುಗಿದ. “ಆ ಮುದುಕನಿಗೆ ಟೈಮ್ ನೋಡೋಕೆ ಬರುತ್ತಾ, ಚೀಟೀಲಿ ಇದ್ದ ಹಾಗೆ ಮಾಡಿಸು ಅಂದೆ.”

ಪವಿತ್ರಾ ನೆಲ ನೋಡಿದಳು. ನಿಂಗಯ್ಯ ಮಾತ್ರ ತಲೆ ಆಡಿಸಿದ. “ಕೇಳುಸ್ತು ಬುಡಿ,” ಎಂದ. “ಫೋನು ಜೋರಾಗಿತ್ತು.”

ತಿಮ್ಮಯ್ಯ ನಿಧಾನವಾಗಿ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡ, ಕಾಂತರಾಜು ಮತ್ತೆ ಕೂರದ ಹಾಗೆ. “ಅದನ್ನ ಮೊದ್ಲೇ ಯೋಳದಲ್ವೇನಯ್ಯ? ಆಗ್ಲಿಂದ ಆಬ್ಜೆಕ್ಟು ಆಬ್ಜೆಕ್ಟು ಅಂತ ಕೊರೀತಿದ್ದೀಯಲ್ಲ. ಈ ತಿಂಗಳು ನಾನು ಬೇರೆ ಸಂಘದೋರ್ಗೆಲ್ಲ ಯೋಳಿದ್ದೆ, ನಮ್ ಮೇಷ್ಟ್ರ ಹತ್ರ ಮಾಡ್ಸ್ಕಳಿ ಅಂತ.” ಬೆಳಿಗ್ಗೆಯವರೆಗೆ ಇದ್ದ ನೀವು ಈಗ ನೀನು ಆಗಿತ್ತು. ಯಾರಿಗೂ ಅದು ವಿಶೇಷವಾಗಿ ಕಾಣಲಿಲ್ಲ.

“ಅದೆಲ್ಲ ಆಮೇಲ್ ಆಡ್ಕಳ್ರಪ್ಪ,” ಎಂದಳು ಶಿವನಂಜಮ್ಮ. ಪೈರಿನ ಎಸಳುಗಳನ್ನು ತಿಮ್ಮಯ್ಯನ ಮುಂದಿನ ಮೇಜಿನ ಮೇಲೆ ಇಟ್ಟಳು. “ಇದು ನಿಮ್ ಮೀಟಿಂಗು ಮುಗೀಲಿ ಅಂತ ಕಾಯಕಿಲ್ಲ. ಇವತ್ತಿಗೆ ಮೂವತ್ಮೂರು. ನಾಳಿಕ್ಕೆ ಮೂವತ್ನಾಕು. ಯಾರ್ ಯೋಳ್ಲಿ ಬುಡ್ಲಿ.”

ತೂಬು ಮುಚ್ಚಿದೆ, ಕೆಳಗಿನವರು ಹನಿ ಬಿಡುವುದಿಲ್ಲ ಎಂದು ತಿಮ್ಮಯ್ಯ ಕೈ ಚೆಲ್ಲಿದ. ನಿಂಗಯ್ಯ ಎದ್ದು ನಿಂತ. “ತೂಬ್ಯಾಕೆ? ನೀರು ಷಣ್ಮುಖಪ್ಪೋರ ಗದ್ದೇಲೇ ನಿಂತದೆ. ಮೇಲ್ಗಡೆ ಗದ್ದೆ. ಬದ ಒಂದ್ ಗೇಣು ಕಡುದ್ರೆ ಇವಮ್ಮಂದಕ್ಕೆ ತಾನೇ ಇಳೀತದೆ.”

“ಓಹೋ, ಅದು ಕಂಪ್ಯೂಟರ್ ಕೊಟ್ ನೀರು ಕಣಯ್ಯ,” ಎಂದ ಷಣ್ಮುಖಪ್ಪ. “ವಾಪಸ್ ತಕಳಂಗಿದ್ರೆ ಕಂಪ್ಯೂಟರೇ ಚೀಟಿ ಕೊಡ್ಲಿ.”

ಪವಿತ್ರಾ ಬಟ್ಟೆ ಸರಿಸಿ ಗುಂಡಿ ಒತ್ತಿದಳು. ಕರೆಂಟು ಇರಲಿಲ್ಲ, ಯುಪಿಎಸ್ಸೂ ಆರಿತ್ತು. ಈ ಸಲ ಸಭೆ ನಕ್ಕದ್ದು ಬೇರೆ ಥರ, ಶಿವನಂಜಮ್ಮನೂ ನಕ್ಕಳು. “ನಿನ್ ಗದ್ದೆ ಕೆರೆ ಆಗದೆ ಕಣಣ್ಣ, ಅದ್ರಲ್ಲಿ ನಾಟಿ ಮಾಡ್ತೀಯೋ ಮೀನ್ ಬುಟ್ಕತೀಯೋ? ನಾಳೆ ನೀನೇ ಬದ ಕಡ್ದು ರೋಡಿಗೆ ಹರಿಸ್ತೀಯ.” ಅದು ನಿಜವೇ ಆಗಿತ್ತು. ಷಣ್ಮುಖಪ್ಪ ಹಲ್ಲುಕಡ್ಡಿ ಉಗಿದು, “ಆಯ್ತು, ಮೇಷ್ಟ್ರೇ ಕಡೀಲಿ ಮತ್ತೆ. ಕಂಪ್ಯೂಟರ್ ಒಳ್ಗಿನ್ ಗದ್ದೆ ಅವ್ರ್ದೇ ತಾನೆ, ಅವ್ರೇ ಮಾಡಿದ್ದು,” ಎಂದ.

ಹಾಗಾಗಿ ಮಧ್ಯಾಹ್ನ ಹನ್ನೆರಡೂವರೆಗೆ ಕಾಂತರಾಜು ಪ್ಯಾಂಟು ಮಡಿಸಿ ಬದುವಿನ ಮೇಲೆ ನಿಂತಿದ್ದ. ಗುದ್ದಲಿ ಹಿಡಿದು ಹತ್ತು ವರ್ಷವಾಗಿತ್ತು. ಮೂರನೆಯ ಏಟಿಗೇ ಅಂಗೈ ಉರಿಯಿತು, ಐದನೆಯದಕ್ಕೆ ನಿಂಗಯ್ಯ, “ಕೊಡಿ ಇಲ್ಲಿ, ಕಾಲ್ ಕಡ್ಕಂಡೀರಿ,” ಎಂದು ಕಿತ್ತುಕೊಂಡು ಎರಡೇ ಏಟಿಗೆ ಮಡೆ ತೆಗೆದ. ನೀರು ಮೊದಲು ಅನುಮಾನಿಸಿ, ಆಮೇಲೆ ಕೆಂಪಗೆ ಇಳಿಯಿತು. ಶಿವನಂಜಮ್ಮ ನೋಡಲೂ ನಿಲ್ಲದೆ ನಾಟಿಯ ಆಳುಗಳಿಗೆ ಹೇಳಲು ಊರಿಗೆ ಹೋದಳು. ಕಾಂತರಾಜು ಜೇಬು ತಡಕಿದ, ಕಾಗದವಿರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಕೊನೆಯ ಪುಟದ ಚೀಟಿಯಲ್ಲಿ, ನೇರಳೆ ಸೀಲಿನ ಕೆಳಗೆ, ೧೨-೩೦ ಎಂದು ಬರೆದ. ಮೇಲಿನ ತಾರೀಖು ಐದು ವರ್ಷದಿಂದ ಅಲ್ಲೇ ಇತ್ತು. ಕಳವು ಎಂದು ಯಾರೂ ಬೇರೆಯಾಗಿ ಬರೆಯಬೇಕಾಗಿರಲಿಲ್ಲ.

“ಏನ್ ಬರ್ಕಂಡ್ರಿ?” ಎಂದ ನಿಂಗಯ್ಯ.

“ಬಿಟ್ಟ ಹೊತ್ತು.”

“ಅಷ್ಟೇ ತಾನೆ? ಸರಿ.” ಮುದುಕ ಕಾಲು ತೊಳೆದುಕೊಂಡ. “ನಾಲ್ಕೂವರೆಗೆ ಕಟ್ಬುಡಿ, ಅಷ್ಟೊತ್ಗೆ ಎರಡೂ ಸಮ ಆಗ್ತವೆ. ನಾನ್ ಉಂಡ್ಬತ್ತೀನಿ. ಟೈಮ್ ನೋಡಕ್ ಬತ್ತದಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಏರಿ ಹತ್ತಿದ. ಅವನ ಬೆನ್ನಿನಲ್ಲಿ ನಗು ಇತ್ತೋ ಇಲ್ಲವೋ ಕಾಂತರಾಜುವಿಗೆ ತಿಳಿಯಲಿಲ್ಲ.

ಬಿಸಿಲು ಏರಿತು. ಎತ್ತು ಹೊಡೆದುಕೊಂಡು ಏರಿಯ ಮೇಲೆ ಹೋಗುತ್ತಿದ್ದ, ಗುರುತಿಲ್ಲದ ರೈತನೊಬ್ಬ ನಿಂತು, “ಯಾರ್ದು ನೀರು?” ಎಂದು ಕೂಗಿದ.

ಕಾಂತರಾಜು ಗಡಿಯಾರ ನೋಡಿದ. “ಹನ್ನೆರಡೂವರೆಗೆ ಬಿಟ್ಟದ್ದು,” ಎಂದ. ಬೆರಳು ಮಡಿಸಿ ಎಣಿಸಿದ. “ಇನ್ನೂ ಮೂರು ಗಂಟೆ ಶಿವನಂಜಮ್ಮನವರದು.”

“ಯಾರ್ದು ಅಂತ ಕೇಳುದ್ರೆ ಹೊತ್ತು ಯೋಳ್ತೀಯಲ್ಲ, ನಿಂಗಯ್ಯನ ಕೈಕೆಳಗಿನೋನಾ ನೀನು?”

ಸದ್ಯಕ್ಕೆ ಎಂಬ ಪದ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ಹೌದು ಎಂದ.